ನಲವತ್ತೇಳನೇ ನಂಬರಿನ ದೊಡ್ಡತಾಯಮ್ಮ

ನನ್ನ ವಾರಗಿತ್ತಿ ದೊಡ್ಡತಾಯಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು ನನ್ನ ಬಾಯಿಂದ ಹೊರಡಿಸುವ ಶ್ರಮ ಬೇಡ. ಹತ್ತೊಂಬತ್ತು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಬದುಕುತ್ತಿದ್ದೇವೆ. ಅವಳು ನನ್ನ ಭಾವ ನಾಗರಾಜು ಅವರ ಹೆಂಡತಿ, ನಾನು ಅವರ ತಮ್ಮ ಲೋಕೇಶನ ಹೆಂಡತಿ. ನಾಗಮಂಗಲದಲ್ಲಿ ಬಿ.ಕಾಂ. ಮುಗಿಸಿದ ಸೊಸೆ ಬಂದಳು ಎಂದು ಊರವರು ನನ್ನನ್ನು ಬಾಗಿಲಲ್ಲಿ ನಿಂತು ನೋಡಿದ್ದು ಒಂದೇ ದಿನ. ಮಾರನೆಯ ಬೆಳಿಗ್ಗೆಯೇ ಬಂದವರೆಲ್ಲ ನನ್ನನ್ನು ದಾಟಿಕೊಂಡು ಒಳಗೆ ಇಣುಕಿ, "ದೊಡ್ಡತಾಯಕ್ಕ ಎಲ್ಲವ್ವ?" ಎಂದು ಕೇಳತೊಡಗಿದರು.

ಏನಿದೆ ಅವಳಲ್ಲಿ? ಕುಳ್ಳು ಆಳು. ಕೆನ್ನೆಯೊಳಗೆ ಯಾವಾಗಲೂ ಎಲೆಅಡಿಕೆ. ಮಾಕವಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಸಹಿ ಹಾಕಬೇಕಾದರೆ ಪೆನ್ನನ್ನು ಕಳೆ ಕೀಳುವ ಕುಡ್ಲು ಹಿಡಿದ ಹಾಗೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಕೊನೆಯ 'ಮ್ಮ'ಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಬರಬೇಕು. ಆದರೆ ಊರಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಮೊದಲು ಗೊತ್ತಾಗುವುದು ಅವಳಿಗೆ. ಕೆ.ಆರ್.ಪೇಟೆಯಲ್ಲಿ ಯಾವ ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ, ಪಾಂಡವಪುರದಲ್ಲಿ ಸ್ಕ್ಯಾನಿಂಗಿಗೆ ಎಷ್ಟು ನೀರು ಕುಡಿದು ಹೋಗಬೇಕು, ಎಲ್ಲ ಅವಳ ನಾಲಿಗೆ ತುದಿಯಲ್ಲಿ. ಹೆರಿಗೆಗೆ ಹೊರಟವರ ಜೊತೆ ಬಸ್ಸು ಹತ್ತುವವಳು ಅವಳೇ. ನನ್ನ ಮಗಳು ದೀಪಳೂ ನಾನು ಮಾಡಿದ ಬಸ್ಸಾರು ಬಾಯಿಗಿಟ್ಟುಕೊಂಡು, "ದೊಡ್ಡವ್ವ ಮಾಡ್ದಂಗಿಲ್ಲ ಬುಡಮ್ಮ" ಎನ್ನುತ್ತಾಳೆ. ಹೆತ್ತ ಮಗಳು! ಆ ದಿನ ನಾನು ಊಟ ಮಾಡಲಿಲ್ಲ.

ನಮ್ಮೂರು ಬೂಕನಕೆರೆಗೆ ಹತ್ತಿರ. ಊರಲ್ಲಿ ಹೆಂಗಸರದೇ ಒಂದು ಹಾಲಿನ ಸಂಘವಿದೆ, ನೂರ ಹದಿನೆಂಟು ಸದಸ್ಯರು. ಮೂರು ವರ್ಷದಿಂದ ನಾನು ಅದರ ಅಧ್ಯಕ್ಷೆ. ಲೆಕ್ಕ ಬಲ್ಲವಳು, ಕಾಗದಪತ್ರ ಓದಬಲ್ಲವಳು ಎಂದು ನನ್ನನ್ನು ಆರಿಸಿದರು ಅಂದುಕೊಂಡು ಒಂದು ವಾರ ಬೀಗಿದ್ದೆ. ಆಮೇಲೆ ತಿಳಿಯಿತು, ಅವಳು ಮನೆಮನೆಗೆ ಹೋಗಿ, "ನಂಗ್ ಬ್ಯಾಡ ಕಣ್ರವ್ವ, ನಮ್ ಸುಧಂಗೆ ಓಟ್ ಆಕಿ" ಎಂದು ಹೇಳಿ ಬಂದಿದ್ದಳು. ನನ್ನ ಗೆಲುವೂ ಅವಳು ಬಡಿಸಿದ್ದೇ. ಅದನ್ನು ತಿಳಿದ ದಿನ ಕುರ್ಚಿಯ ಮೇಲೆ ಕೂತರೆ ಮುಳ್ಳು ಚುಚ್ಚಿದ ಹಾಗಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ವರ್ಷ ಯುಗಾದಿ ಕಳೆದ ಮೇಲೆ ಸಂಘದಲ್ಲಿ ಆರೋಗ್ಯ ನಿಧಿ ಮಾಡುವ ಮಾತು ಎದ್ದಿತು. ಸರ್ಕಾರದ ಆರೋಗ್ಯ ಕಾರ್ಡು ಇದ್ದರೂ ಸರದಿ ಉದ್ದ, ಅದಕ್ಕೆ ಬಾರದ ಖರ್ಚು ಬೇರೆ. ಆದ್ದರಿಂದ ಲೀಟರಿಗೆ ಐವತ್ತು ಪೈಸೆ ಹಿಡಿದುಕೊಳ್ಳುವುದು, ಲಾಭದ ಹಣದಿಂದ ಎರಡು ಲಕ್ಷ ಮೊದಲಿಗೆ ಹಾಕುವುದು, ಸದಸ್ಯೆಗೆ ಆಪರೇಷನ್ ಬಂದರೆ ನಲವತ್ತು ಸಾವಿರದವರೆಗೆ ಕೊಡುವುದು. ಇದಕ್ಕಾಗಿ ಸಂಘದ ಬೈಲಾ ತಿದ್ದಬೇಕಿತ್ತು. ತಿದ್ದುಪಡಿಯ ಹಿಂದೆ ಬಿದ್ದವಳು ದೊಡ್ಡತಾಯಮ್ಮನೇ. ಅವಳಿಗೇ ಅದು ಬೇಕಾಗಿತ್ತು ಕೂಡ. ಪಿತ್ತಕೋಶದಲ್ಲಿ ಕಲ್ಲು. ಎರಡು ಸಲ ಬಾವು ಬಂದು ಮಲಗಿದ್ದಳು. ಮಳೆಗಾಲದೊಳಗೆ ತೆಗೆಸಿಬಿಡಿ, ಮೂರನೇ ಸಲ ಬಂದರೆ ಜೀವಕ್ಕೇ ಕಷ್ಟ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಎಲ್ಲ ಸೇರಿ ಮೂವತ್ತೆಂಟು ಸಾವಿರ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ನಾನು ಹತ್ತು ವರ್ಷದ ಲೆಕ್ಕ ಹಾಕಲು ಕೂತೆ. ಅಧ್ಯಕ್ಷೆ ಅಂದ ಮೇಲೆ ಹಾಕಬೇಕಲ್ಲ. ದಿನಕ್ಕೆ ಆರುನೂರು ಲೀಟರು ಹಾಲು, ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರದ ಹತ್ತಿರ ವರಮಾನ. ಮೊದಲ ವರ್ಷ ಮೂರು ಆಪರೇಷನ್ ಎಂದರೂ ಒಂದು ಲಕ್ಷ ಇಪ್ಪತ್ತು ಸಾವಿರ ಖರ್ಚು. ಆಸ್ಪತ್ರೆ ದರ ವರ್ಷ ವರ್ಷ ಏರುತ್ತದೆ, ಸದಸ್ಯರಿಗೂ ವಯಸ್ಸಾಗುತ್ತದೆ, ಐವತ್ತು ಪೈಸೆ ಮಾತ್ರ ಐವತ್ತು ಪೈಸೆಯಾಗಿಯೇ ಇರುತ್ತದೆ. ಆರನೇ ವರ್ಷಕ್ಕೆ ನಿಧಿ ಖಾಲಿ. ಲೆಕ್ಕ ಸರಿಯಾಗಿತ್ತು. ಮೂರು ಸಲ ಕೂಡಿದೆ, ಮೂರು ಸಲವೂ ಅಷ್ಟೇ ಬಂತು. ಒಳಗೊಳಗೆ ಖುಷಿಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಡೇರಿಯ ಮುಂದಿನ ಹೊಂಗೆ ಮರದಡಿ ವಿಶೇಷ ಸಭೆ ಸೇರಿತು. ದೀಪಳ ಡ್ರಾಯಿಂಗ್ ಹಾಳೆಯ ಮೇಲೆ ಹತ್ತು ಕಾಲಂ ಎಳೆದು ಗೋಡೆಗೆ ಅಂಟಿಸಿ, ಕೋಲಿನಿಂದ ತೋರಿಸಿ ತೋರಿಸಿ ಹೇಳಿದೆ. ಆರನೇ ಕಾಲಮ್ಮಿಗೆ ಬರುವ ಹೊತ್ತಿಗೆ ಹೆಂಗಸರ ಗುಸುಗುಸು ನಿಂತಿತ್ತು.

"ಅಂಗಾರೆ ಈಗ ಕಾಯ್ಲೆ ಬಿದ್ದೋರು ಬಳ್ಕೊಂಡ್ ಓಗ್ತಾರೆ, ನಮ್ ಸರದಿ ಬರೋವತ್ಗೆ ಬರೀ ಪಾತ್ರೆ ಅನ್ನು," ಎಂದಳು ಮುದುಕಿ ಜಯಲಕ್ಷ್ಮಮ್ಮ.

ಹಿಂದಿನ ಸಾಲಿನಿಂದ ದೊಡ್ಡತಾಯಮ್ಮ ಎದ್ದಳು. ಬಲಪಕ್ಕೆಯ ಮೇಲೆ ಕೈ ಒತ್ತಿಕೊಂಡಿದ್ದಳು. "ಸುಧಾ, ಅದ್ರಲ್ಲಿ ಹಸ ಎಲ್ಲೈತವ್ವ?" ಎಂದಳು.

"ಯಾವ ಹಸುನಕ್ಕ?"

"ಆಸ್ಪತ್ರೆಗೆ ಅಂತ ಮಾರ್ಕೊಂಡ್ ಹಸ. ಓದ್ ವರ್ಸ ಜಯಲಕ್ಷ್ಮವ್ವ ಮೊಣಕಾಲ್ಗೆ ಅಂತ ಮಾರುದ್ಲು. ಗಂಡುನ್ ಕಿಡ್ನಿಗೆ ಅಂತ ಕೆಳಗಲ ಬೀದಿಯೋಳು ಮಾರುದ್ಲು. ಇನ್ನೊಂದು ಶಿವಣ್ಣನ್ ಮನೇದು. ಮೂರ್ ಹಸ. ಒಂದೊಂದು ಎಂಟ್ ಲೀಟ್ರು ಕರೆಯೋವು. ಹತ್ ವರ್ಸುಕ್ಕೆ ಮೂವತ್ ಹಸ ಓದ್ರೆ ಡೇರೀಲಿ ಏನ್ ಅಳೀತಿಯವ್ವ, ನೀರಾ? ಹಸ ಓದ್ರೆ ಹಾಲು ಓಯ್ತು, ಹಾಲು ಓದ್ರೆ ನಿನ್ ಐವತ್ ಪೈಸಾನೂ ಓಯ್ತು. ನಿಧಿ ಮಾಡುದ್ರೆ ಇಷ್ಟ್ ಖರ್ಚು ಅಂತ ಬರ್ದಿದ್ದೀಯ. ಮಾಡ್ದಿದ್ರೆ ಎಷ್ಟು ಖರ್ಚು, ಅದುನ್ನ ಎಲ್ ಬರ್ದಿದ್ದೀಯ?"

ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟಿದರು. ನಾನು ಕೋಲು ಹಿಡಿದುಕೊಂಡು ಗೋಡೆಯ ಪಕ್ಕ ನಿಂತಿದ್ದೆ. ಮೂರು ವರ್ಷ ಕಾಲೇಜಿನಲ್ಲಿ ಕೂತು ಕಲಿತವಳಿಗೆ ಆ ಕಾಲಂ ಹೊಳೆದಿರಲಿಲ್ಲ. ನಾಲ್ಕನೇ ಕ್ಲಾಸಿನವಳಿಗೆ, ಎಲೆಅಡಿಕೆ ಜಗಿಯುತ್ತಲೇ ಹೊಳೆದಿತ್ತು. ಮೈಯೆಲ್ಲ ಉರಿದುಹೋಯಿತು ನನಗೆ.

ಆಗ ನಾನು ಆಡಬಾರದ ಮಾತು ತೆಗೆದೆ. ನಮ್ಮ ಸಂಘದಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೆ ನೂರ ಎಂಬತ್ತು ದಿನ ಹಾಲು ಹಾಕಿದವಳಿಗೆ ಮಾತ್ರ ಓಟು, ಬೋನಸ್ಸು, ಪದವಿ ಎಲ್ಲ. ಯಾರದಾದರೂ ಹಸು ಬತ್ತಿದರೆ ಬೇರೆಯವಳು ತನ್ನ ಕ್ಯಾನಿನಲ್ಲಿ ಅರ್ಧ ಲೀಟರನ್ನು ಅವಳ ಸದಸ್ಯ ನಂಬರಿಗೆ ಹಾಕಿಸುತ್ತಾಳೆ. ಇದಕ್ಕೆ ದಿನ ತುಂಬಿಸುವುದು ಅನ್ನುತ್ತಾರೆ. ದುಡ್ಡನ್ನು ಆಮೇಲೆ ಕೈಯಲ್ಲಿ ಕೊಟ್ಟುಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇವತ್ತು ಯಾರಿಗೆ ಎಷ್ಟು ದಿನ ಕಡಿಮೆ, ಯಾರು ತುಂಬಿಸಬೇಕು ಎಂದು ನೋಡಿಕೊಳ್ಳುತ್ತಿದ್ದವಳು ದೊಡ್ಡತಾಯಮ್ಮ.

"ಸರಿ, ನಿಧಿ ಆಗಲಿ," ಎಂದೆ. "ಆದರೆ ಅದು ಹಾಲು ಹಾಕಿದವರಿಗೆ ಸಿಗಬೇಕೋ, ಸುಳ್ಳು ದಿನ ತುಂಬಿಸಿಕೊಂಡವರಿಗೂ ಸಿಗಬೇಕೋ? ನಿಜವಾದ ದಿನ ಇದ್ದವರಿಗೆ ಮಾತ್ರ ಕೊಟ್ಟರೆ ನಿಧಿ ಒಂಬತ್ತನೇ ವರ್ಷದವರೆಗೆ ಎಳೆಯುತ್ತದೆ. ಯಾರ ಹಸುವಿನ ಹಾಲೋ, ದಿನವೂ ಅವರದೇ. ಹಾಗೆ ಬೈಲಾದಲ್ಲಿ ಬರೆಯೋಣ. ಕಳೆದ ವರ್ಷದ ದಿನಗಳಿಂದಲೇ ಎಣಿಸೋಣ."

ನಾನು ನಿಲ್ಲಿಸಲಿಲ್ಲ. "ಹೇಳಕ್ಕ, ಯಾರ ಯಾರ ನಂಬರಿಗೆ ಹಾಕಿಸಿದೀಯ? ಹೆಸರು ಹೇಳು. ಇದು ಸಂಘಕ್ಕೆ ಮಾಡಿದ ಮೋಸ ಅಲ್ಲವಾ?"

ಅವಳು ಬಾಯಿ ತೆರೆದಳು. ನನ್ನ ಮುಖ ನೋಡಿದಳು. ತೆರೆದ ಬಾಯಿ ಹಾಗೇ ಮುಚ್ಚಿತು. ಸೆರಗು ಹೊದ್ದುಕೊಂಡು ಕೂತಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಮಾತು ಬರಲಿಲ್ಲ ಎಂದು ನನಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು. ಅಧ್ಯಕ್ಷರು ಹೇಳುತ್ತಾರೆಂದರೆ ಕಾನೂನು ಇರಬೇಕು ಎಂದು ಅರವತ್ತಕ್ಕಿಂತ ಹೆಚ್ಚು ಕೈ ಎದ್ದವು. ನಿಯಮ ಪಾಸಾಯಿತು.

ಪಟ್ಟಿ ಮಾಡುವ ಕೆಲಸ ಕಾರ್ಯದರ್ಶಿ ರಮ್ಯಳದು. ಹಾಲು ಅಳೆಯುವ ಮಿಷನ್ನಿನಲ್ಲಿ ನಂಬರು ಒತ್ತುವವಳು ಅವಳೇ, ದುಡ್ಡು ಯಾರಿಗೆ ಸೇರಬೇಕೆಂದು ತಕರಾರು ಬಾರದಿರಲಿ ಅಂತ ದಿನ ತುಂಬಿಸಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಅದನ್ನು ಇಟ್ಟುಕೊಂಡು ವಾರ ಕೂತು ಪಟ್ಟಿ ತಯಾರಿಸಿ ಡೇರಿ ಬಾಗಿಲಿಗೆ ಅಂಟಿಸಿದಳು. ಮೂವತ್ತೊಂದು ಜನ ಹೊರಗೆ ಬಿದ್ದರು. ಅವರಲ್ಲಿ ನಲವತ್ತೇಳನೇ ನಂಬರು, ದೊಡ್ಡತಾಯಮ್ಮ, ನೂರ ಅರವತ್ತೆಂಟು ದಿನ.

ನಾನು ಎರಡು ಸಲ ಓದಿದೆ. ಊರಿಗೆಲ್ಲ ದಿನ ತುಂಬಿಸಿದವಳಿಗೇ ದಿನ ಸಾಲಲಿಲ್ಲವೇ? ಅವಳಿಗೆ ಬುದ್ಧಿ ಕಲಿಸಬೇಕು, ನಾಲ್ಕು ಜನರ ಮುಂದೆ ಅವಳ ತಲೆ ತಗ್ಗಬೇಕು ಎಂದಿದ್ದೆ. ಆಪರೇಷನ್ನೇ ತಪ್ಪಿಹೋಗಲಿ ಎಂದು ದೇವರಾಣೆಗೂ ಅಂದುಕೊಂಡಿರಲಿಲ್ಲ. ಸಂಜೆ ಅವಳು ನಮ್ಮ ಬಾಗಿಲಿಗೆ ಬಂದಾಗ ಜಗಳಕ್ಕೇ ಬಂದಳು ಎಂದು ಸೊಂಟ ಕಟ್ಟಿ ನಿಂತೆ.

"ಪಟ್ಟಿ ಅಕ್ಸರ ಒಸಿ ದಪ್ಪುಕೆ ಬರ್ಸವ್ವ," ಎಂದಳು. "ವಯಸ್ಸಾದೋರ್ಗೆ ಕಾಣಾಕಿಲ್ಲ. ಒಬ್ಬೊಬ್ರೂ ನನ್ನೇ ಓದು ಅಂತಾರೆ." ಅಷ್ಟು ಹೇಳಿ ಹೋದಳು. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಪಕ್ಕದ ಕೊಟ್ಟಿಗೆಯಲ್ಲಿ ಗಂಡಸರ ದನಿ ಕೇಳಿಸಿತು. ಗೋಡೆಯ ಮೇಲಿಂದ ನೋಡಿದೆ. ದನದ ದಲ್ಲಾಳಿ ಚಲುವಯ್ಯ ಬಂದಿದ್ದ. ಅವನ ಕೈ, ಭಾವನ ಕೈ ಎರಡೂ ಒಂದು ಟವೆಲಿನಡಿ ಸೇರಿದ್ದವು. ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ದೊಡ್ಡತಾಯಮ್ಮ ಹಸುವಿನ ಕುತ್ತಿಗೆಯಡಿಯ ಗಂಗೆದೊಗಲು ನೀವುತ್ತ ಆಚೆ ಮುಖ ಮಾಡಿ ನಿಂತಿದ್ದಳು. ಹಸು ಮತ್ತೆ ಗಬ್ಬವಾಗಿತ್ತು, ಇನ್ನು ಎರಡು ತಿಂಗಳಿಗೆ ಈಯುವುದು.

"ಇನ್ನೊಂದ್ ಬೆಳ್ಳು ಸೇರ್ಸಣ್ಣೋ, ಗಬ್ಬದ್ ಹಸ," ಎಂದರು ಭಾವ.

"ಅರ್ಜೆಂಟು ಅಂತೀರ, ರೇಟೂ ಬೇಕು ಅಂತೀರ. ಎಂಗ್ಲಾ ಆಯ್ತದೆ ನಾಗರಾಜಾ?" ಎಂದ ಚಲುವಯ್ಯ.

ಆಸ್ಪತ್ರೆಗೆ ಅಂತ ಮಾರಿದ ಹಸು. ನನ್ನ ಹಾಳೆಯಲ್ಲಿ ಇಲ್ಲದ ಕಾಲಂ ನನ್ನ ಕಣ್ಣ ಮುಂದೆಯೇ ನಿಂತು ಮೇವು ಜಗಿಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಡೇರಿಗೆ ಹೋಗಿ ರಮ್ಯಳಿಗೆ, "ಪೆನ್ಸಿಲ್ ಬುಕ್ಕು ಕೊಡು" ಎಂದೆ. ದೊಡ್ಡತಾಯಮ್ಮನ ದಿನಗಳು ಎಲ್ಲಿ ಹೋದವು ಎಂದು ನೋಡಬೇಕಿತ್ತು. ಎಲ್ಲಾದರೂ ಎಣಿಕೆ ತಪ್ಪಿರಬಹುದು ಎಂಬ ಆಸೆ.

ರಮ್ಯ ಬುಕ್ಕು ಕೊಡಲು ಹಿಂದೆ ಮುಂದೆ ನೋಡಿದಳು. "ಅಕ್ಕ, ಅದು... ನಿಮ್ಮುದ್ನ ಎಂಗೆ ಹೊಡೀಲಿ ಅಂತ ಸುಮ್ಕಾದೆ," ಎಂದಳು.

"ನನ್ನದು ಅಂದರೆ?"

ಅವಳು ಮಾರ್ಗಶಿರದ ಪುಟ ತೆಗೆದಳು. ಅರವತ್ತಮೂರು ನನ್ನ ನಂಬರು. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಲವತ್ತೇಳು. ಮಾರನೆಯ ದಿನವೂ ನಲವತ್ತೇಳು. ಹದಿನೈದು ದಿನ, ಸಾಲಾಗಿ.

ಆಗ ನಾನು ಅಮ್ಮನಿಗೆ ಹುಷಾರಿಲ್ಲವೆಂದು ನಾಗಮಂಗಲದಲ್ಲಿದ್ದೆ. ಇಲ್ಲಿ ನನ್ನ ಹಸುವಿಗೆ ಕೆಚ್ಚಲು ಬಾವು, ಹಾಲು ಡೇರಿಗೆ ಹಾಕುವ ಹಾಗಿರಲಿಲ್ಲ. ದಿನ ಕಡಿಮೆಯಾದರೆ ಪದವಿ ಹೋಗುತ್ತದೆ, ಏನಾದರೂ ಮಾಡಿ ಎಂದು ಲೋಕೇಶನಿಗೆ ಫೋನಿನಲ್ಲಿ ಕೂಗಾಡಿದ್ದೆ. "ಎಲ್ಲಾ ಆಯ್ತು ಬುಡು" ಎಂದಿದ್ದ. ಹೇಗೆ ಆಯಿತು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ಸುಖವಾಗಿತ್ತು.

"ಬೇರೆಯೋರ್ಗೆಲ್ಲ ಅರ್ಧ ಲೀಟ್ರು ಆಕುಸ್ಬುಟ್ಟು, ಉಳಿದುದ್ದ ತನ್ ನಂಬರ್ಗೆ ಆಕುಸ್ತಿತ್ತು ದೊಡ್ಡತಾಯಕ್ಕ," ಎಂದಳು ರಮ್ಯ. "ಅದುಕ್ಕೆ ಅಕ್ಕನ್ ದಿನ ಓಗ್ತಿರ್ನಿಲ್ಲ. ಆ ಹದಿನೈದ್ ದಿನ ಹಸ ಬತ್ತೋ ಕಾಲ, ಕರೆದ್ರೆ ಅರ್ಧ ಲೀಟ್ರು. ಎಲ್ಡ್ ಪಾಲ್ ಮಾಡಾಕಾಗಕಿಲ್ಲ ಅಂತ ಪೂರ್ತಿ ನಿಮ್ಗೇ ಆಕುಸ್ತು. ಸುಧಂಗೆ ಗೊತ್ತಾಗ್ಬಾರ್ದು ಅಂತ ಆಣೆ ಇಡುಸ್ಕೊಂಡ್ತು."

ನನ್ನದು ನೂರ ಎಂಬತ್ತೆಂಟು ದಿನ ಎಂದು ಪಟ್ಟಿಯಲ್ಲಿತ್ತು. ಹದಿನೈದು ಕಳೆದರೆ ನೂರ ಎಪ್ಪತ್ತಮೂರು. ಅವಳ ನೂರ ಅರವತ್ತೆಂಟಕ್ಕೆ ಹದಿನೈದು ಸೇರಿದರೆ ನೂರ ಎಂಬತ್ತಮೂರು. ಇಷ್ಟು ಸಣ್ಣ ಲೆಕ್ಕ. ಮೇಜಿನ ಮೇಲೆ ರಬ್ಬರು ಬಿದ್ದಿತ್ತು. ಪೆನ್ಸಿಲ್ ಬರಹ ಅಳಿಸಲು ಎಷ್ಟು ಹೊತ್ತು? ಮೂವತ್ತೆಂಟು ಸಾವಿರವನ್ನು ನನ್ನ ಬಳೆ ಗಿರವಿ ಇಟ್ಟು ಕೊಟ್ಟುಬಿಟ್ಟರೆ ನಾನು ದೊಡ್ಡವಳೂ ಆಗುತ್ತೇನೆ, ಕುರ್ಚಿಯೂ ಉಳಿಯುತ್ತದೆ ಎಂದೂ ಯೋಚನೆ ಬಂತು. ಆದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಹಕ್ಕನ್ನೇ ಅವಳಿಗೆ ದಾನವೆಂದು ಕೊಡುವಷ್ಟು ನಾಚಿಕೆಗೆಟ್ಟವಳು ನಾನಲ್ಲ. ಎಲ್ಲಕ್ಕಿಂತ ಸಂಕಟವಾದದ್ದು ಬೇರೆ. ಅವಳನ್ನು ಉಳಿಸಬೇಕಾದರೆ ಅದೇ ಹೊಂಗೆ ಮರದಡಿ ನಿಂತು, ನನ್ನ ಕುರ್ಚಿ ಅವಳ ಹಾಲಿನ ಮೇಲೆ ನಿಂತಿತ್ತು ಎಂದು ನನ್ನ ಬಾಯಿಂದಲೇ ಹೇಳಬೇಕು. ಅದರ ಬದಲು ಕೆರೆಗೆ ಹಾರುವುದು ಸುಲಭ ಅನ್ನಿಸಿತು.

ಮೊದಲು ಮನೆಗೆ ಓಡಿ, ಗೋಡೆಯ ಮೇಲಿಂದ ಚಲುವಯ್ಯನಿಗೆ ಕೂಗಿದೆ. "ಟವೆಲ್ ತೆಗಿಯಣ್ಣ, ಹಸು ಮಾರಕ್ಕಿಲ್ಲ."

ಭಾವ ಬೆಪ್ಪಾಗಿ ನೋಡಿದರು. "ನಿನ್ಗೇನೇ ಬಂತು?" ಎಂದಳು ದೊಡ್ಡತಾಯಮ್ಮ. ನಾನು ಒಳಗೆ ಹೋದೆ.

ಮಾರನೆಯ ದಿನ ಹಾಲು ಹಾಕಲು ಬಂದವರನ್ನೆಲ್ಲ ಮನೆಗೆ ಹೋಗಬೇಡಿ ಎಂದು ನಿಲ್ಲಿಸಿದೆ. ಕ್ಯಾನು ಹಿಡಿದುಕೊಂಡೇ ಎಲ್ಲರೂ ಮರದಡಿ ನಿಂತರು. ದೊಡ್ಡತಾಯಮ್ಮನ ಹಸು ಬತ್ತಿತ್ತು, ಹಾಲು ಹಾಕುವುದಿರಲಿಲ್ಲ. ದೀಪಳನ್ನು ಕಳಿಸಿ ಅವಳನ್ನೂ ಕರೆಸಿದೆ. ಬುಕ್ಕನ್ನು ಎತ್ತಿ ಹಿಡಿದು ಒಂದೇ ಉಸಿರಿಗೆ ಹೇಳಿದೆ. ಪಟ್ಟಿಯಲ್ಲಿ ತಪ್ಪಿದೆ. ಅರವತ್ತಮೂರನೇ ನಂಬರಿನ ಹದಿನೈದು ದಿನ ನನ್ನ ಹಸುವಿನದಲ್ಲ, ನಲವತ್ತೇಳರದು. ಯಾರ ಹಸುವಿನ ಹಾಲೋ ದಿನವೂ ಅವರದೇ ಎಂದು ನಾನೇ ಬರೆಸಿದ್ದೇನೆ. ಹಾಗಾಗಿ ಅವಳು ಒಳಗೆ, ನಾನು ಹೊರಗೆ. ಅಧ್ಯಕ್ಷೆ ಕೂಡ ಅಲ್ಲ ಇನ್ನು. ನನ್ನ ಹಾಳೆಯಲ್ಲಿ ಮಾರಿದ ಹಸುಗಳ ಕಾಲಂ ಇರಲಿಲ್ಲ, ರಾತ್ರಿ ಅದನ್ನೂ ಸೇರಿಸಿ ಕೂಡಿದೆ, ನಿಧಿ ಇಲ್ಲದಿದ್ದರೆ ಆಗುವ ನಷ್ಟವೇ ಹೆಚ್ಚು. ಉಳಿದ ಮೂವತ್ತು ಜನರನ್ನು ಏನು ಮಾಡಬೇಕೆಂದು ಹೊಸ ಅಧ್ಯಕ್ಷರು ಸಭೆ ಕರೆದು ತೀರ್ಮಾನಿಸಲಿ.

ಹೇಳಿ ಮುಗಿಸಿ ತಲೆ ಎತ್ತಿದೆ. ಯಾರಾದರೂ ಉಗಿಯುತ್ತಾರೆ, ಇಲ್ಲವೇ ಭೇಷ್ ಅನ್ನುತ್ತಾರೆ ಎಂದು ಕಾದೆ. ಒಬ್ಬಳೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಮುಖವೂ ಅವಳ ಕಡೆ ತಿರುಗಿತ್ತು. "ಅವತ್ತು ಅಷ್ಟು ಅನ್ನುಸ್ಕೊಂಡ್ಯಲ್ಲ, ಒಂದ್ ಮಾತಾಡ್ನಿಲ್ವಲ್ಲ ತಾಯಿ," ಎಂದು ಜಯಲಕ್ಷ್ಮಮ್ಮ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು. ಬದುಕಿನಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದ್ದೆ. ಅದರ ಹೊಗಳಿಕೆಯೂ ಅವಳ ಪಾಲಿಗೇ ಹೋಯಿತು.

ಅವಳು ಮಾತ್ರ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಕಣ್ಣು ಕೆಂಡವಾಗಿತ್ತು.

"ಯಾರೇ ನಿನ್ನ ಇದುನ್ನೆಲ್ಲ ಏಳು ಅಂದೋರು?" ಎಂದಳು. "ಅವತ್ತು ಎಸ್ರೇಳು ಎಸ್ರೇಳು ಅಂತ ಕುಣೀತಿದ್ಯಲ್ಲ, ನಾಲ್ಗೆ ತುದೀಲಿತ್ತು ನಿನ್ನೆಸ್ರು. ನುಂಗ್ಕೊಂಡೆ ಕಣೆ. ಅಷ್ಟ್ ಜನುದ್ ಮುಂದೆ ನಿನ್ ಮಾನ ಓಯ್ತದೆ ಅಂತ ನುಂಗ್ಕೊಂಡೆ. ನಮ್ ಮನೇಲಿ ಒಬ್ಬಳಾದ್ರೂ ಕುರ್ಚಿ ಮ್ಯಾಲೆ ಕುಂತು ಲೆಕ್ಕ ಏಳ್ತಾವ್ಳೆ ಅಂತ ನಾನು ಎದೆ ಉಬ್ಬುಸ್ಕೊಂಡು ತಿರುಗ್ತಿದ್ದೆ. ನಂಗೆ ಬಾರ್ದಿರೋ ವಿದ್ಯೆ ನಿಂಗ್ ಬತ್ತದಲ್ಲ ಅಂತ ಒಟ್ಟೆ ಉರಿದ್ರೂನೂವೆ. ಈಗ ನೋಡು, ಎಲ್ಲಾ ಕಳ್ಕೊಂಡ್ ನಿಂತಿದ್ದೀಯ."

ಹೊಟ್ಟೆ ಉರಿಯಂತೆ. ನನ್ನನ್ನು ಕಂಡು, ಅವಳಿಗೆ! ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಇನ್ನೇನು ಅತ್ತುಬಿಡುತ್ತೇನೆ ಅನ್ನಿಸಿತ್ತು. ಅಷ್ಟರಲ್ಲಿ ಅವಳೇ ನನ್ನ ಹೆಗಲ ಮೇಲೆ ಮುಖ ಇಟ್ಟು ಗೊಳೋ ಎಂದು ಅಳಲು ಶುರುಮಾಡಿದಳು. ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟು ಅವಳನ್ನು ಸಮಾಧಾನ ಮಾಡಲು ಓಡಿಬಂದರು. ಅಳುವುದರಲ್ಲೂ ನನಗಿಂತ ಮೊದಲು ಅವಳೇ. ನಾನು ಅವಳ ಬೆನ್ನು ಸವರುತ್ತ, ಬಲಪಕ್ಕೆಗೆ ಕೈ ತಗುಲದ ಹಾಗೆ ಹಿಡಿದುಕೊಂಡು ನಿಂತೆ.